ಬರ್ತಾ ಬೆಂಜ್: ಮೋಟಾರಿಗೆ ಕಡಿವಾಣ ತೊಡಿಸಿದ ಗೃಹಿಣಿ

ಗಾಡಿಯನ್ನು ಓಡಿಸುವುದಕ್ಕಿಂತ ಅದನ್ನು ಬೇಕಾದ ಕಡೆಯಲ್ಲಿ ನಿಲ್ಲಿಸುವುದು ಹೆಚ್ಚಿನ ವಿದ್ಯೆಯೆಂಬುದನ್ನು ನಮ್ಮ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲಗಳನ್ನು ಹೇರಿದ ಬಂಡಿ ಇಳುಕಲಿನಲ್ಲಿ ಇಳಿಯುವಾಗ, ಭಾರವೆಲ್ಲ ಎತ್ತುಗಳ ಕೊರಳಿನ ಮೇಲೆ ಬೀಳದಿರಲೆಂದು ಗಾಲಿಗೆ ಮರದ ತುಂಡನ್ನು ಒತ್ತಿ ಹಿಡಿಯುವುದನ್ನು ಹಿರಿಯರು ಬಲ್ಲರು. ಇಂದು ನವಲಿಯಿಂದ ಕನಕಗಿರಿಯ ಜಾತ್ರೆಗಾಗಲಿ, ಗಂಗಾವತಿಯ ಆಸ್ಪತ್ರೆಗಾಗಲಿ ಹೊರಟ ಕುಟುಂಬವು ಕಾರಿನಲ್ಲಿ ಕುಳಿತು ಹೋಗುತ್ತದೆ. ಎತ್ತು ಹೋಗಿ ಮೋಟಾರು ಬಂದಿದೆ. ಆದರೆ ತಿರುಗುವ ಗಾಲಿಗೆ ಏನನ್ನಾದರೂ ಒತ್ತಿ ವೇಗವನ್ನು ತಡೆಯುವ ತತ್ತ್ವ ಮಾತ್ರ ಹಾಗೆಯೇ ಉಳಿದಿದೆ. ಹೀಗೆ ಒತ್ತುವ ವಸ್ತುವಿಗೆ ಈಗ ಬ್ರೇಕ್ ಪ್ಯಾಡ್ ಎಂದು ಹೆಸರು. ಅಂಗೈಯಗಲದ ಈ ವಸ್ತುವಿನ ಚರಿತ್ರೆಯ ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟ ಒಬ್ಬ ತಾಯಿ ನಮಗೆ ಎದುರಾಗುತ್ತಾಳೆ. ಆಕೆಯೇ ಜರ್ಮನಿಯ ಬರ್ತಾ ಬೆಂಜ್.

ಬರ್ತಾ ಹುಟ್ಟಿದ್ದು 1849ನೆಯ ಇಸವಿ ಮೇ 3ರಂದು, ಬಾಡೆನ್ ಸಂಸ್ಥಾನದ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ. ಚಿನ್ನದ ಒಡವೆಗಳ ಕೆಲಸಕ್ಕೆ ಹೆಸರಾದ ಊರು ಅದು. ತಂದೆ ಕಾರ್ಲ್ ಫ್ರೀಡ್ರಿಶ್ ರಿಂಗರ್ ಮರಗೆಲಸದಿಂದಲೂ ಕಟ್ಟಡದ ಕೆಲಸದಿಂದಲೂ ಅನುಕೂಲ ಸ್ಥಿತಿಗೆ ಬಂದವನು. ಹುಡುಗಿಗೆ ಯಂತ್ರಗಳ ವಿಷಯದಲ್ಲಿ ಸಹಜವಾದ ಕುತೂಹಲವಿತ್ತು. ಆದರೆ ಅಂದಿನ ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆದಿರಲಿಲ್ಲ. ಬಾಡೆನ್ ಸಂಸ್ಥಾನದ ವಿಶ್ವವಿದ್ಯಾಲಯಗಳು ಮಹಿಳೆಯರನ್ನು ನಿಯಮಪೂರ್ವಕವಾಗಿ ಸೇರಿಸಿಕೊಳ್ಳತೊಡಗಿದ್ದು 1900ರಲ್ಲಿ. ಆಗ ಬರ್ತಾಳಿಗೆ ಐವತ್ತು ವರ್ಷ ದಾಟಿತ್ತು. ಹೀಗಾಗಿ ಆಕೆ ಕಲಿತ ಯಂತ್ರವಿದ್ಯೆಯೆಲ್ಲವೂ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಕಲಿತದ್ದು.

1869ರಲ್ಲಿ ಒಂದು ವಿಹಾರಯಾತ್ರೆಯ ಸಮಯದಲ್ಲಿ ಆಕೆಗೆ ಕಾರ್ಲ್ ಬೆಂಜ್ ಎಂಬ ತರುಣ ಎಂಜಿನಿಯರನ ಪರಿಚಯವಾಯಿತು. ಆತನ ತಂದೆ ರೈಲು ಎಂಜಿನ್ನಿನ ಚಾಲಕ. ಮಗ ಎರಡು ವರ್ಷದವನಿದ್ದಾಗಲೇ ತೀರಿಕೊಂಡವನು. ತಾಯಿ ಬಡತನದಲ್ಲಿಯೇ ಮಗನನ್ನು ಓದಿಸಿ ಕಾರ್ಲ್ಸ್‌ರೂಎ ತಾಂತ್ರಿಕ ವಿದ್ಯಾಲಯಕ್ಕೆ ಕಳುಹಿಸಿದ್ದಳು. ಕೈಯಲ್ಲಿ ಹಣವಿಲ್ಲದಿದ್ದರೂ ಕುದುರೆಯಿಲ್ಲದೆ ತಾನಾಗಿ ಓಡುವ ಗಾಡಿಯೊಂದನ್ನು ಮಾಡಬೇಕೆಂಬ ಹಂಬಲ ಆತನಲ್ಲಿ ತುಂಬಿತ್ತು. 1871ರಲ್ಲಿ ಆತನು ಮಾನ್‌ಹೈಮ್ ನಗರದಲ್ಲಿ ಔಗುಸ್ಟ್ ರಿಟ್ಟರ್ ಎಂಬವನೊಡನೆ ಕೂಡಿ ಒಂದು ಕಾರ್ಯಾಗಾರವನ್ನು ತೆರೆದನು. ಪಾಲುದಾರನು ನೆಚ್ಚಿಕೆಗೆ ತಕ್ಕವನಾಗಲಿಲ್ಲ. ಕಾರ್ಯಾಗಾರ ಮುಳುಗುವ ಸ್ಥಿತಿಗೆ ಬಂದಿತು. ಆಗ ಬರ್ತಾ ಮದುವೆಯ ಕಾಲಕ್ಕೆ ತನಗೆ ತವರಿನಿಂದ ಬರಬೇಕಾಗಿದ್ದ ಹಣವನ್ನು ಮದುವೆಗೆ ಮುಂಚೆಯೇ ತಂದೆಯಿಂದ ಪಡೆದು, ಆ ಪಾಲುದಾರನ ಭಾಗವನ್ನು ಕೊಳ್ಳಲು ಕೊಟ್ಟಳು. 1872ರ ಜುಲೈ 20ರಂದು ಅವರ ವಿವಾಹವಾಯಿತು. ಒಡವೆಯಾಗಿ ಪೆಟ್ಟಿಗೆ ಸೇರಬಹುದಾಗಿದ್ದ ಹಣ ಯಂತ್ರವಾಗಿ ಕಾರ್ಯಾಗಾರವನ್ನು ಸೇರಿತು.

ಮುಂದಿನ ಹತ್ತು ವರ್ಷಗಳು ಆ ಸಂಸಾರಕ್ಕೆ ಕಠಿಣ ಪರೀಕ್ಷೆಯ ವರ್ಷಗಳಾದವು. ಮಕ್ಕಳು ಹುಟ್ಟಿದರು, ಸಾಲ ಬೆಳೆಯಿತು, 1877ರ ಸುಮಾರಿಗೆ ಕಾರ್ಯಾಗಾರದ ಉಪಕರಣಗಳನ್ನೂ ಕಳೆದುಕೊಳ್ಳುವ ಪ್ರಸಂಗ ಬಂದಿತು. ಬರ್ತಾ ಎದೆಗುಂದಲಿಲ್ಲ. 1879ನೆಯ ವರ್ಷದ ಕಡೆಯ ರಾತ್ರಿ, ಊರೆಲ್ಲ ಹೊಸ ವರ್ಷದ ಗಂಟೆಗಳನ್ನು ಎದುರು ನೋಡುತ್ತಿರುವಾಗ, ಗಂಡಹೆಂಡಿರಿಬ್ಬರೂ ಕಾರ್ಯಾಗಾರಕ್ಕೆ ಹೋಗಿ ಹೊಸ ಎಂಜಿನನ್ನು ತಿರುಗಿಸಿ ನೋಡಿದರು, ಅದು ಓಡಿತು. 1883ರಲ್ಲಿ ಬೆಂಜ್ ಕಂಪನಿ ಸ್ಥಾಪನೆಯಾಯಿತು. 1886ರ ಜನವರಿ 29ರಂದು ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟಿನ ಅರ್ಜಿ ಸಲ್ಲಿಕೆಯಾಯಿತು. ಆ ಪೇಟೆಂಟಿನ ಸಂಖ್ಯೆ 37435. ಜಗತ್ತಿನ ಮೋಟಾರು ಯುಗಕ್ಕೆ ಆ ದಿನವನ್ನೇ ಜನ್ಮದಿನವೆಂದು ಎಣಿಸುವುದು ರೂಢಿಯಾಗಿದೆ.

ಗಾಡಿಯೇನೋ ಸಿದ್ಧವಾಯಿತು, ಕೊಳ್ಳುವವರು ಮಾತ್ರ ಬರಲಿಲ್ಲ. ಸದ್ದು ಮಾಡುತ್ತ ಬರುವ ಈ ವಿಚಿತ್ರ ವಾಹನವನ್ನು ಜನ ನಿಂತು ನೋಡಿದರೇ ಹೊರತು ಅದರಲ್ಲಿ ಕುಳಿತು ಊರಿಂದೂರಿಗೆ ಹೋಗಬಹುದೆಂದು ನಂಬಲಿಲ್ಲ. ಕಾರ್ಲ್ ಬೆಂಜನಾದರೋ ಪರಿಪೂರ್ಣತೆಯ ಉಪಾಸಕ. ಇನ್ನೂ ಸ್ವಲ್ಪ ತಿದ್ದಬೇಕು, ಇನ್ನೂ ಸ್ವಲ್ಪ ಪರೀಕ್ಷಿಸಬೇಕು ಎಂದು ಊರಿನ ಸುತ್ತಮುತ್ತಲೇ ಓಡಿಸುತ್ತಿದ್ದನು. ಹತ್ತಿರದ ಬೀದಿಗಳಲ್ಲಿ ಓಡಿದ ಗಾಡಿಯ ದೋಷಗಳು ದೂರದ ದಾರಿಯಲ್ಲಿ ಹೇಗೆ ಹೊರಬೀಳುವವೆಂಬುದು ಯಾರಿಗೂ ತಿಳಿದಿರಲಿಲ್ಲ. ಇದನ್ನು ಮೊದಲು ಮನಗಂಡವಳು ಬರ್ತಾ. ಗಾಡಿಯ ಯೋಗ್ಯತೆ ಮಾತಿನಿಂದ ತೋರುವುದಲ್ಲ, ಸಂಸಾರವೊಂದನ್ನು ಕೂರಿಸಿಕೊಂಡು ಹೋಗಿ ಸುಖವಾಗಿ ಮುಟ್ಟಿಸಿದರೆ ಮಾತ್ರ ತೋರುವುದು ಎಂದು ಆಕೆ ನಿಶ್ಚಯಿಸಿದಳು.

1888ರ ಆಗಸ್ಟ್ ತಿಂಗಳು. ಶಾಲೆಗಳಿಗೆ ರಜೆಯಿತ್ತು. ಒಂದು ದಿನ ನಸುಕಿನಲ್ಲಿ, ಗಂಡನಿಗೆ ತಿಳಿಯದಂತೆ, ಬರ್ತಾ ಹದಿನೈದು ವರ್ಷದ ಮಗ ಔಯ್ಗೆನ್ ಮತ್ತು ಹದಿಮೂರು ವರ್ಷದ ಮಗ ರಿಚರ್ಡ್ ಇವರೊಡನೆ ಗಾಡಿಯನ್ನು ಹೊರತೆಗೆದಳು. ಹೋಗಬೇಕಾದ ಊರು ತವರಾದ ಫೋರ್ಟ್ಸ್‌ಹೈಮ್. ಹಿಡಿದ ದಾರಿಯ ಉದ್ದ ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ಇರುವ ದೂರಕ್ಕೆ ಹೆಚ್ಚುಕಡಿಮೆ ಸಮೀಪವೆನ್ನಬಹುದು. ಅದುವರೆಗೆ ಮೋಟಾರಿನಲ್ಲಿ ಅಷ್ಟು ದೂರ ಹೋದವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಮೋಟಾರಿಗೆಂದು ಮಾಡಿದ ರಸ್ತೆಯಿರಲಿಲ್ಲ, ಪೆಟ್ರೋಲ್ ಬಂಕಿರಲಿಲ್ಲ, ಕೆಟ್ಟರೆ ತೋರಿಸಲು ಗ್ಯಾರೇಜಿರಲಿಲ್ಲ. ಕುದುರೆಗಾಡಿಗಳ ಚಕ್ರಗಳು ಕೊರೆದ ಜಾಡುಗಳೇ ಆ ಪ್ರಯಾಣಕ್ಕೆ ದಾರಿಯಾಗಿದ್ದವು.

ದಾರಿಯುದ್ದಕ್ಕೂ ವಿಘ್ನಗಳು ಒಂದರ ಹಿಂದೊಂದು ಬಂದವು. ಎಂಜಿನ್ನು ಕಾಯ್ದು ನೀರು ಆವಿಯಾಗುತ್ತಿದ್ದುದರಿಂದ ಕಂಡಲ್ಲೆಲ್ಲ ನಿಲ್ಲಿಸಿ ನೀರು ತುಂಬಬೇಕಾಯಿತು. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಿದಳು. ಆ ಅಂಗಡಿಯೇ ಜಗತ್ತಿನ ಮೊದಲ ಪೆಟ್ರೋಲ್ ಬಂಕೆಂದು ಈಗ ಪ್ರಸಿದ್ಧವಾಗಿದೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿ ಹಾರಿಸುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲವನ್ನು ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದಳು. ಸರಪಳಿಯನ್ನು ಬ್ರೂಖ್ಸಾಲ್ ಊರಿನ ಕಮ್ಮಾರನಿಂದ ಸರಿಪಡಿಸಿಕೊಂಡಳು. ಏರು ಬಂದ ಕಡೆ ಎಂಜಿನ್ನಿನ ಶಕ್ತಿ ಸಾಲದೆ ಮಕ್ಕಳು ಇಳಿದು ಗಾಡಿಯನ್ನು ನೂಕಬೇಕಾಯಿತು.

ಏರಿನಲ್ಲಿ ಗಾಡಿ ನಿಂತರೆ ಶ್ರಮವಷ್ಟೆ. ಇಳುಕಲಿನಲ್ಲಿ ನಿಲ್ಲದಿದ್ದರೆ ಪ್ರಾಣಕ್ಕೆ ಕುತ್ತು. ಈ ಗಾಡಿಯನ್ನು ತಡೆಯಲು ಇದ್ದದ್ದು ಕೈಯಿಂದ ಎಳೆಯುವ ಒಂದು ಸನ್ನೆ ಮತ್ತು ಮರದ ಬ್ರೇಕು. ಸಪಾಟು ಬೀದಿಯಲ್ಲಿ ಅದು ಸಾಕಾಗಿತ್ತು. ಗುಡ್ಡಗಳ ಸೀಮೆಗೆ ಬಂದಾಗ ಮೇಲಿಂದ ಮೇಲೆ ಬ್ರೇಕು ಹಿಡಿಯಬೇಕಾಗಿ, ಉಜ್ಜುವ ಮೈ ಸವೆದು, ಹಿಡಿತ ಕಡಿಮೆಯಾಗುತ್ತ ಬಂದಿತು. ಗಾಡಿಯಲ್ಲಿದ್ದವರು ತಾನು ಹೆತ್ತ ಇಬ್ಬರು ಮಕ್ಕಳು. ಅಂದು ಒಂದು ಅನಾಹುತ ಸಂಭವಿಸಿದ್ದರೆ ಸಂಸಾರ ಹಾಳಾಗುತ್ತಿದ್ದುದಲ್ಲದೆ, ಮೋಟಾರೆಂಬುದು ಮನೆ ಮುರಿಯುವ ಯಂತ್ರವೆಂಬ ಅಪವಾದವೂ ಅದಕ್ಕೆ ಅಂಟಿಕೊಳ್ಳುತ್ತಿತ್ತು.

ಫೋರ್ಟ್ಸ್‌ಹೈಮಿಗೆ ಮುಂಚೆ ಸಿಗುವ ಬೌಷ್ಲೋಟ್ ಎಂಬ ಹಳ್ಳಿಯಲ್ಲಿ ಬರ್ತಾ ಗಾಡಿಯನ್ನು ನಿಲ್ಲಿಸಿ, ಪಾದರಕ್ಷೆ ಹೊಲಿಯುವ ಒಬ್ಬ ಕುಶಲಕರ್ಮಿಯ ಬಳಿಗೆ ಹೋದಳು. ಬ್ರೇಕಿನ ಮರದ ತುಂಡುಗಳಿಗೆ ಚರ್ಮವನ್ನು ಹೊಡೆದು ಕೊಡುವಂತೆ ಕೇಳಿದಳು. ಆತನು ಜೋಡಿನ ಅಟ್ಟೆಗೆ ಬಳಸುವ ಚರ್ಮವನ್ನೇ ಬಿಗಿದು ಕೊಟ್ಟನು. ಬರಿಯ ಮರಕ್ಕೆ ಹೊಸದಾಗಿ ಚರ್ಮ ಹಾಕಿದರೆಂದು ಕೆಲವರು, ಮೊದಲಿದ್ದ ಚರ್ಮ ಸವೆದದ್ದಕ್ಕೆ ಬೇರೆಯದನ್ನು ಹಾಕಿದರೆಂದು ಕೆಲವರು ಹೇಳುವರು. ಹೇಗಿದ್ದರೂ ಪ್ರಯಾಣದ ನಡುವೆ ಮೋಟಾರಿನ ಬ್ರೇಕಿಗೆ ಹೊಸ ಹೊದಿಕೆ ಹಾಕಿಸಿದ ಮೊದಲ ಪ್ರಸಂಗವೆಂದು ಪ್ರಸಿದ್ಧವಾದದ್ದು ಇದೇ. ಯಂತ್ರಶಾಲೆಯ ವಿದ್ವಾಂಸರಿಂದಲ್ಲ, ಹಳ್ಳಿಯ ಅಟ್ಟೆಯ ಅಂಗಡಿಯಿಂದ ಆ ದಿನ ಮೋಟಾರಿಗೆ ರಕ್ಷೆ ದೊರೆಯಿತು.

ಈ ಚಿಕ್ಕ ಕೆಲಸದ ದೊಡ್ಡ ಅರ್ಥವನ್ನು ನಾವು ಗಮನಿಸಬೇಕು. ಓಡುವ ಗಾಡಿಯಲ್ಲಿರುವ ಚಲನಶಕ್ತಿ ನಾಶವಾಗುವಂಥದಲ್ಲ; ಬ್ರೇಕು ಹಿಡಿದಾಗ ಅದು ಉಜ್ಜಾಟದಿಂದ ಶಾಖವಾಗಿ ಮಾರ್ಪಡುತ್ತದೆ. 1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಬಂದು ನಿಂತರೆ ಹುಟ್ಟುವ ಶಾಖ, ಒಂದು ಲೀಟರ್ ನೀರನ್ನು ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸಾಕು. ವೇಗ ಇಮ್ಮಡಿಯಾದರೆ ಈ ಶಾಖ ನಾಲ್ಮಡಿಯಾಗುತ್ತದೆ. ಇಷ್ಟು ಶಾಖವನ್ನೂ ಉಜ್ಜಾಟವನ್ನೂ ತಾಳುವಾಗ ಏನಾದರೊಂದು ಸವೆಯಲೇಬೇಕು. ಗಾಲಿಯೇ ಸವೆದರೆ ನಷ್ಟ ಬಹಳ. ಆದುದರಿಂದ ಗಾಲಿಯ ಬದಲಿಗೆ ತಾನು ಸವೆದು, ಸವೆದ ಮೇಲೆ ಸುಲಭವಾಗಿ ತೆಗೆದು ಹಾಕಬಹುದಾದ ಅಗ್ಗದ ವಸ್ತುವೊಂದು ನಡುವೆ ಇರಬೇಕು. ಬೌಷ್ಲೋಟಿನ ಚರ್ಮ ಮಾಡಿದ್ದೂ ಇದನ್ನೇ, ಇಂದಿನ ಬ್ರೇಕ್ ಪ್ಯಾಡ್ ಮಾಡುವುದೂ ಇದನ್ನೇ.

ಕತ್ತಲಾಗುವ ಹೊತ್ತಿಗೆ ತಾಯಿಮಕ್ಕಳು ಕ್ಷೇಮವಾಗಿ ಫೋರ್ಟ್ಸ್‌ಹೈಮನ್ನು ಮುಟ್ಟಿ, ಕಾರ್ಲ್ ಬೆಂಜನಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ನಂತರ ಬೇರೊಂದು ದಾರಿಯಿಂದ ಅದೇ ಗಾಡಿಯಲ್ಲಿ ಮಾನ್‌ಹೈಮಿಗೆ ಹಿಂದಿರುಗಿದರು. ಬರ್ತಾ ತಂದದ್ದು ಹೊಗಳಿಕೆಯನ್ನಲ್ಲ, ದೋಷಗಳ ಪಟ್ಟಿಯನ್ನು. ಏರು ಹತ್ತಲು ಇನ್ನೊಂದು ಗೇರು ಬೇಕು, ಬ್ರೇಕಿಗೆ ಗಟ್ಟಿಯಾದ ಹೊದಿಕೆ ಬೇಕು ಎಂಬ ಆಕೆಯ ಸೂಚನೆಗಳನ್ನು ಕಾರ್ಲ್ ಮನಃಪೂರ್ವಕವಾಗಿ ಒಪ್ಪಿ ಗಾಡಿಯನ್ನು ತಿದ್ದಿದನು. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಆ ಗಾಡಿಗೆ ಚಿನ್ನದ ಪದಕ ದೊರೆಯಿತು. 1899ರಲ್ಲಿ ಬೆಂಜ್ ಕಂಪನಿ ಒಂದೇ ವರ್ಷದಲ್ಲಿ 572 ಗಾಡಿಗಳನ್ನು ತಯಾರಿಸಿ ಜಗತ್ತಿನ ಅತಿ ದೊಡ್ಡ ಮೋಟಾರು ಕಾರ್ಖಾನೆಯೆನಿಸಿತು.

ಬರ್ತಾಳ ಮುಂದಿನ ಜೀವನ ಗದ್ದಲವಿಲ್ಲದ್ದು. ಐವರು ಮಕ್ಕಳನ್ನು ಬೆಳೆಸಿದಳು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಂಸಾರ ಲಾಡೆನ್‌ಬುರ್ಗ್ ಪಟ್ಟಣಕ್ಕೆ ಹೋಗಿ ನೆಲೆಸಿತು. ಅಲ್ಲಿ 1906ರಲ್ಲಿ ತಂದೆಮಕ್ಕಳು ಕೂಡಿ ಬೇರೊಂದು ಕಾರ್ಖಾನೆಯನ್ನು ಆರಂಭಿಸಿದರು. 1925ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಕಾರ್ಲ್ ಬೆಂಜನು, ಕಷ್ಟದ ದಿನಗಳಲ್ಲಿ ಕೊನೆಯವರೆಗೂ ತನ್ನ ಜೊತೆ ನಿಂತವಳು ಹೆಂಡತಿಯೆಂದು ಕೃತಜ್ಞತೆಯಿಂದ ನೆನೆದಿದ್ದಾನೆ. 1929ರ ಏಪ್ರಿಲ್ 4ರಂದು ಆತನು ತೀರಿಕೊಂಡನು. 1944ರ ಮೇ 3ರಂದು, ತೊಂಬತ್ತೈದನೆಯ ಹುಟ್ಟುಹಬ್ಬದ ದಿನ, ಗಂಡ ಓದಿದ ಕಾರ್ಲ್ಸ್‌ರೂಎ ವಿದ್ಯಾಲಯ ಬರ್ತಾಳಿಗೆ ಗೌರವ ಸೆನೆಟರ್ ಪದವಿಯನ್ನಿತ್ತು ಮನ್ನಿಸಿತು. ಹೆಣ್ಣೆಂಬ ಕಾರಣಕ್ಕೆ ಎಳವೆಯಲ್ಲಿ ಮುಚ್ಚಿದ್ದ ವಿದ್ಯೆಯ ಬಾಗಿಲು ಕೊನೆಗಾಲದಲ್ಲಿ ಹೀಗೆ ತೆರೆಯಿತು. ಎರಡೇ ದಿನಗಳ ನಂತರ, ಮೇ 5ರಂದು, ಲಾಡೆನ್‌ಬುರ್ಗಿನಲ್ಲಿ ಆಕೆ ಕಣ್ಣು ಮುಚ್ಚಿದಳು. 2008ರಲ್ಲಿ ಆಕೆ ಹೋಗಿ ಬಂದ ದಾರಿಯನ್ನು ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಗುರುತಿಸಲಾಯಿತು.

ಚರ್ಮದ ಕಥೆಯಾದರೋ ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಳಲ್ಲಿ ಕುದುರೆಗಾಡಿಯವರು ಹಳೆಯ ಜೋಡುಗಳ ಚರ್ಮವನ್ನು ಬ್ರೇಕಿಗೆ ಕಟ್ಟುವುದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬವನು ಅದಕ್ಕಿಂತ ಉತ್ತಮವಾದದ್ದನ್ನು ಹುಡುಕಿ, 1897ರಲ್ಲಿ ಒಂದು ಉದ್ಯಮವನ್ನು ಆರಂಭಿಸಿದನು. ಮುಂದೆ ಫೆರೋಡೋ ಎಂದು ಹೆಸರಾದದ್ದು ಅದೇ. 1902ರಲ್ಲಿ ಅದೇ ದೇಶದ ಫ್ರೆಡರಿಕ್ ಲ್ಯಾಂಚೆಸ್ಟರ್ ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯನ್ನು ಎರಡೂ ಕಡೆಯಿಂದ ಒತ್ತುವ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದನು. ಚರ್ಮ ಹೋಗಿ ನೇಯ್ದ ಹತ್ತಿ ಬಂತು. ಹತ್ತಿ ಹೋಗಿ ಕಲ್ನಾರು ಬಂತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿದವು. ಈಗಿನ ಪ್ಯಾಡುಗಳಲ್ಲಿ ಲೋಹದ ಎಳೆ, ಕೃತಕ ನಾರು, ರಾಳ ಮೊದಲಾದವು ಕೂಡಿರುತ್ತವೆ.

ನಮ್ಮ ಊರುಗಳ ಕಾರುಗಳಲ್ಲಿ ಬಹುಮಟ್ಟಿಗೆ ಮುಂದಿನ ಗಾಲಿಗಳಿಗೆ ಡಿಸ್ಕ್ ಮತ್ತು ಪ್ಯಾಡ್, ಹಿಂದಿನವಕ್ಕೆ ಡ್ರಮ್ಮು ಮತ್ತು ಮೆಕ್ಯಾನಿಕ್ಕರು ಲೈನರ್ ಎಂದು ಕರೆಯುವ ಹೊದಿಕೆ ಇರುತ್ತವೆ. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪವಿರುತ್ತದೆ. 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸುವ ಕಾಲ ಬಂದಿತೆಂದು ತಿಳಿಯಬೇಕು. ಅನೇಕ ಪ್ಯಾಡುಗಳಲ್ಲಿ ಒಂದು ತೆಳು ಲೋಹದ ಪಟ್ಟಿಯಿದ್ದು, ಸವೆತ ಮಿತಿಗೆ ಬಂದಾಗ ಡಿಸ್ಕಿಗೆ ತಾಗಿ ಕಿರ್ರೆಂದು ಕೂಗುತ್ತದೆ. ಆ ಕೂಗಿಗೆ ಕಿವಿಗೊಡದೆ ಹೋದರೆ ಕೊನೆಗೆ ಉಕ್ಕಿನ ಬೆನ್ನೇ ಡಿಸ್ಕನ್ನು ಕೆರೆದು, ಚಿಕ್ಕ ಖರ್ಚಿನಲ್ಲಿ ಮುಗಿಯುವ ಕೆಲಸ ದೊಡ್ಡದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಲ್ಲಬೇಕಾದ ಕಾರು ನಿಲ್ಲದೆ ಹೋಗುತ್ತದೆ. ಬ್ರೇಕ್ ಆಯಿಲಿನ ಮಟ್ಟ ಕ್ರಮೇಣ ಇಳಿಯುವುದೂ ಪ್ಯಾಡ್ ಸವೆಯುತ್ತಿರುವುದರ ಒಂದು ಗುರುತು. ಆ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಆದುದರಿಂದ ಕಾರಿನ ಕೈಪಿಡಿಯಲ್ಲಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದನ್ನು ಬದಲಾಯಿಸುವುದು ಒಳ್ಳೆಯದು.

ಪ್ಯಾಡುಗಳನ್ನು ಬದಲಾಯಿಸುವಾಗ ಒಂದೇ ಗಾಲಿಗೆ ಹಾಕಿ ಬಿಡಬಾರದು. ಎಡಬಲದ ಎರಡೂ ಗಾಲಿಗಳಿಗೆ ಒಟ್ಟಿಗೆ ಹಾಕಬೇಕು. ಇಲ್ಲದಿದ್ದರೆ ಬ್ರೇಕು ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಕೂಡದು. ಗಟ್ಟಿಯಾದ ಆಧಾರ ಕೊಟ್ಟಿರಬೇಕು. ಉಜ್ಜುವ ಮೈಗೆ ಎಣ್ಣೆ, ಗ್ರೀಸು ಸೋಕಬಾರದು. ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಮುಗಿದ ಮೇಲೆ ಕಾರನ್ನು ಕದಲಿಸುವ ಮುಂಚೆಯೇ ಬ್ರೇಕಿನ ಪೆಡಲನ್ನು ಅದು ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಬೇಕು. ಇದನ್ನು ಮರೆತರೆ ಮೊದಲ ತಿರುವಿನಲ್ಲಿಯೇ ಪೆಡಲು ತಳಕ್ಕೆ ಹೋಗುವ ಭಯವಿದೆ. ಕೈಪಳಗದವರು ಈ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕನಿಗೆ ಒಪ್ಪಿಸಿ, ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಲೇಸು.

ನಮ್ಮ ಕಡೆಯ ದಾರಿಗಳು ಬಹುಪಾಲು ಸಪಾಟು. ಆದುದರಿಂದಲೇ ಸವೆದ ಬ್ರೇಕು ಇಲ್ಲಿ ತನ್ನ ದೋಷವನ್ನು ಬೇಗನೆ ತೋರುವುದಿಲ್ಲ. ಆದರೆ ಇದೇ ಕಾರಿನಲ್ಲಿ ಮನೆಮಂದಿಯೆಲ್ಲ ಕುಳಿತು ಧರ್ಮಸ್ಥಳಕ್ಕೆ ಹೊರಟು ಚಾರ್ಮಾಡಿ ಘಾಟಿಯನ್ನು ಇಳಿಯುವಾಗ, ಮೈಲುಗಟ್ಟಲೆ ಬ್ರೇಕು ತುಳಿಯುತ್ತ ಹೋದರೆ ಪ್ಯಾಡುಗಳು ಕಾಯ್ದು ಹಿಡಿತ ಬಿಡುತ್ತವೆ. ಮಾನ್‌ಹೈಮಿನ ಬೀದಿಯಲ್ಲಿ ಕಾಣದ ದೋಷ ಫೋರ್ಟ್ಸ್‌ಹೈಮಿನ ಗುಡ್ಡದಲ್ಲಿ ಕಂಡದ್ದೂ ಹೀಗೆಯೇ ಅಲ್ಲವೆ? ದೂರದ ಪ್ರಯಾಣಕ್ಕೆ ಮುಂಚೆ ಪ್ಯಾಡುಗಳನ್ನು ನೋಡಿಸಿಕೊಳ್ಳುವುದು, ಇಳುಕಲಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದು, ಮಳೆಗಾಲದಲ್ಲಿ ಹಳ್ಳದ ನೀರು ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳುವುದು, ಇವು ಹಣ ಬೇಡುವ ಕೆಲಸಗಳಲ್ಲ, ಗಮನ ಬೇಡುವ ಕೆಲಸಗಳು.

ಗಾಡಿಯನ್ನು ಓಡಿಸಿದ ಕೀರ್ತಿ ಕಾರ್ಲ್ ಬೆಂಜನಿಗೆ ಸಂದಿದೆ, ಅದು ನ್ಯಾಯವೇ. ಓಡುವ ಗಾಡಿ ಸಂಸಾರವನ್ನು ಕ್ಷೇಮವಾಗಿ ಮುಟ್ಟಿಸಬೇಕಾದರೆ ಯಾವುದು ಎಲ್ಲಿ ಸವೆಯುವುದೆಂದು ನೋಡಿ, ಸವೆದದ್ದನ್ನು ದಾರಿಯಲ್ಲಿಯೇ ಬದಲಿಸಿ, ಮುಂದಿನವರಿಗೆ ತಿಳಿಸಿದ ಕೀರ್ತಿ ಬರ್ತಾಳದು. ಅವಳ ಕೈಯಲ್ಲಿ ಪದವಿಯಿರಲಿಲ್ಲ. ಕಂಡ ದೋಷವನ್ನು ನಾಳೆಗೆ ತಳ್ಳದ ಎಚ್ಚರವಿತ್ತು. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಅಂಗಳದಲ್ಲಿ ನಿಂತ ಕಾರಿನ ಮುಂಗಾಲಿಯ ಸಂದಿನಲ್ಲಿ ಒಮ್ಮೆ ಬಗ್ಗಿ ನೋಡಿ, ಪ್ಯಾಡ್ ಎಷ್ಟು ಉಳಿದಿದೆಯೆಂದು ಹಿರಿಯರಿಗೆ ತಿಳಿಸುವ ವಿದ್ಯಾರ್ಥಿಯು ಆ ತಾಯಿಯ ಸ್ಮರಣೆಯನ್ನು ಸಾರ್ಥಕಪಡಿಸಿದಂತೆಯೇ ಸರಿ.